ಕೋಳಿಗೆ ಅರ್ಧ ಟಿಕೀಟು

ಜನವರಿ 9, ಶುಕ್ರವಾರ

ಇವತ್ತೂ ನಕ್ಕಬಿಟ್ಟೆ. ಪ್ರ್ಯಾಕ್ಟೀಸ್ ಮತ್ತ ನಿಂತಿತು. ನಂದು ಕಂಡಕ್ಟರ್ ಪಾರ್ಟು, ಶಾಂಭವೀದು ಮುದುಕಿ ಪಾರ್ಟು. ಮುದುಕಿ ಬಸ್ಸಿನಾಗ ಕೋಳಿ ಟಿಕೀಟು ಉಳಸಾಕ ಸೆರಗಿನಾಗ ಅರಿಬೀಲೆ ಮಾಡಿದ ಕೋಳಿ ಮುಚ್ಚಿಟ್ಕೊಂಡು, "ಮೊಮ್ಮಗನವ್ವಾ, ಮೂರು ತಿಂಗಳ ಕೂಸು" ಅಂತಾಳ. ಹಂಗ ಅನಕೋತ ತಾನ ಕೊಕ್ಕೊ ಅಂತಾಳ. ನಾ ಗಂಭೀರಾಗಿ, "ಕೂಸಿಗೆ ನೆಗಡಿ ಆಗೈತೇನಬೇ ಯವ್ವಾ?" ಅನ್ನಬೇಕು. ನಗದ ಹ್ಯಾಂಗ ಅನ್ನೋದು?

ನಾಟಕ ಕಲಸೋ ಅಂದಾನಪ್ಪ ಸರ್ ಹೇಳಿಬಿಟ್ರು — ಇನ್ನೊಮ್ಮೆ ನಕ್ರ ಪಾರ್ಟು ನಿರ್ಮಲಾಗ. ನರಗುಂದದ ಸ್ಪರ್ಧಾ ಹದಿನೈದು ದಿನಕ್ಕ ಬಂತು. ನಾಟಕ ಅಂದ್ರ ಮೂಗು ಮುರಿಯೋ ನಮ್ಮ ಅಮ್ಮಿ ಹ್ಯಾಂಗೋ ನೋಡಾಕ ಬರ್ತೀನಿ ಅಂದಾಳ. ಈಗ ಪಾರ್ಟು ಹೋದ್ರ...

ಜ. 10, ಶನಿವಾರ

ಭಾಳ ಸಿಟ್ಟು ಬಂದೈತಿ. ಚಪ್ಪಾಳಿ ಎಲ್ಲ ಶಾಂಭವಿಗೆ. ನಾ ಬರೇ ಕಂಬದಂಗ ನಿಲ್ಲೋದು. ಅದಕ್ಕ ಇವತ್ತ ನಾನೂ ಟೊಪಗಿ ಉಲ್ಟಾ ಹಾಕ್ಕೊಂಡು ಒಂದು ಜೋಕ್ ಸೇರಿಸಿದೆ. ಒಬ್ರೂ ನಗಲಿಲ್ಲ. ಶಾಂಭವಿ ಮಾತಿಗೂ ನಗಲಿಲ್ಲ.

ಸರ್ ಬೈಲಿಲ್ಲ. "ನಗು ತಡೀಬ್ಯಾಡ, ನಾಹೀದ. ಗಂಭೀರ ಮುಖಾನೂ ಮಾಡಬ್ಯಾಡ. ಮುಂದಿನ ಸ್ಟಾಪಿನಾಗ ಚೆಕಿಂಗ್‌ನವ್ರು ನಿಂತಾರ. ಅಷ್ಟರಾಗ ಎಲ್ಲಾರಿಗೂ ಟಿಕೀಟು ಹರೀಬೇಕು. ಇಲ್ಲಂದ್ರ ನಿನ್ನ ನೌಕರಿ ಹೊಕ್ಕೈತಿ."

ಪಾರ್ಟು ಮಾಡೋದಂದ್ರ ಇಷ್ಟೇನು?

ಜ. 13, ಮಂಗಳವಾರ

ನಗಲಿಲ್ಲ — ಒಮ್ಮೀನೂ ಇಲ್ಲ. ಚೆಕಿಂಗ್‌ನವ್ರು ನಿಂತಾರ ಅಂತ ಖರೇನ ನಂಬಿದೆ. ಮೈ ಎಲ್ಲ ಬೆವರು. ಈ ಮುದುಕಿ ನನ್ನ ಅನ್ನಾ ಕಸಗೋತಾಳ ಅನಿಸ್ತು. ಇನ್ನ ನಗು ಎಲ್ಲಿಂದ ಬರಬೇಕು? ಮುಂದ ಕುಂತ ನಿರ್ಮಲಾ ಬಿದ್ದು ಬಿದ್ದು ನಕ್ಕಳು. ಆ ನಗು ಶಾಂಭವೀದೊಂದ ಅಲ್ಲ. ಅರ್ಧ ನಂದು. ಖುಷಿಗೆ ಊಟ ಸೇರವಲ್ದು.

ಜ. 24, ಶನಿವಾರ, ಸಂಜಿ

ಮುಗೀತು.

ಸ್ಪರ್ಧಾಕ್ಕ ಜೀವಂತ ಕೋಳಿ ಒಯ್ದಿದ್ವಿ. ಜನಾ ನೋಡಿ ಬೆದರಿ, ಸೆರಗಿನಿಂದ ಹಾರಿ ಸ್ಟೇಜ್ ತುಂಬ ಓಡ್ತು. ಶಾಂಭವಿಗೇ ನಗು ಬಂತು. ಹೊಟ್ಟಿ ಹಿಡ್ಕೊಂಡು ಕುಂತಬಿಟ್ಳು, ಮಾತೆಲ್ಲ ಮರತಳು. ಪರದೇ ಬಾಜೂಕ ಸರ್ ತಲಿ ಮ್ಯಾಲೆ ಕೈ ಹೊತ್ತು ನಿಂತಿದ್ರು. ನನಗ ಟಿಕೀಟು ಬಿಟ್ರ ಬ್ಯಾರೆ ಧ್ಯಾಸ ಇರಲಿಲ್ಲ. ಕೋಳಿ ಮುಂದ ಹೋಗಿ ಕೇಳಿದೆ — "ಎಲ್ಲಿಗ್ರಿ?" ಅರ್ಧ ಟಿಕೀಟು ಹರದು ಅದರ ಮುಂದ ಇಟ್ಟೆ. ಜನಾ ನಕ್ಕು ನಕ್ಕು ಸುಸ್ತು. ಆಮ್ಯಾಲೆ, "ಸುಳ್ಳು ಹೇಳಿದ್ದಿ, ಇಳಿಬೇ ಕೆಳಗ" ಅಂತ ಮುದುಕೀನ ಇಳಿಸಿದೆ. ಎರಡನೇ ಬಹುಮಾನ ಬಂತು. ಸೆಲ್ಫಿ ಎಲ್ಲ ಶಾಂಭವಿ ಜೋಡಿ. ಇರಲಿ.

ರೋಣಕ್ಕ ಬರೋ ಬಸ್ಸಿನಾಗ ಅಮ್ಮಿ ನನ್ನ ಬಾಜೂಕ ಕುಂತಿದ್ಳು. ಬೆಳವಣಕಿ ಊರು ದಾಟಿತು. ಹ್ಯಾಂಗಿತ್ತು ಅಂತ ನಾನ ಕೇಳಿದೆ. ಮಾರಿ ಕಿಟಕಿ ಕಡೆ ತಿರುವಿದಳು.

"ಅಂಥಾ ವಯಸ್ಸಾದಾಕೀನ ನಡು ದಾರ್ಯಾಗ ಇಳಿಸಿದೆಲ್ಲ, ಒಂದು ಕೋಳಿ ಸಂಬಂಧ. ಕರುಳು ಐತಿಲ್ಲ ನಿನಗ?"

ಆ ವಯಸ್ಸಾದಾಕಿ, ಅಂದ್ರ ಶಾಂಭವಿ, ಹಿಂದಿನ ಸೀಟಿನಾಗ ಬಾಯಿ ತಕ್ಕೊಂಡು ನಿದ್ದಿ ಹೊಡ್ಯಾಕತ್ತಿದ್ಳು. ತೋರಸೋಣು ಅಂತ ಅಮ್ಮಿ ಕಡೆ ಹೊಳ್ಳಿದೆ. ಅಮ್ಮಿ ಕಣ್ಣಾಗ ಖರೇ ನೀರು. ನನ್ನ ಬಾಯಿಂದ ಬಂದಿದ್ದು, "ತಪ್ಪಾತು ಅಮ್ಮಿ."

ಈಗ ಬರಕೋತ ನಗು ತಡಿಯಾಕ ಆಗವಲ್ದು. ಅಮ್ಮಿ ಅಡಗಿ ಮನ್ಯಾಗ ರೊಟ್ಟಿ ಬಡಿಯಾಕತ್ತಾಳ, ಸಿಟ್ಟು ಇನ್ನೂ ಇಳದಿಲ್ಲ. ಲಗೂ ಹೋಗಿ ಹೇಳ್ತೀನಿ, ಆ ಮುದುಕಿಗೆ ಹಿಂದ ಬಂದ ಬಸ್ಸು ಸಿಕ್ಕಿತು, ಕುಂದರಾಕ ಸೀಟೂ —