ಖಾಲಿ ಬಿಟ್ಟ ಚಳಿಗಾಲ

ಕಡಲೆಕೊಪ್ಪ
ಉರಿಮಾಸದ ನಾಲ್ಕನೆಯ ದಿನ, ೨೧೭೧

ಕಡಲೆಕೊಪ್ಪ ಹಕ್ಕಿ ಬಳಗದ ಹಿರಿಯರಿಗೆ ಹುಸೇನಬಿ ನದಾಫಳ ವಂದನೆಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಉರಿಮಾಸ ಇಲ್ಲ. ಬೇಸಿಗೆ ತೀರ ಉದ್ದವಾದ ಮೇಲೆ ಮೇ ಮತ್ತು ಜೂನ್ ನಡುವೆ ನಾವು ತುರುಕಿದ ಹದಿಮೂರನೆಯ ತಿಂಗಳು ಅದು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಬಳಗದ ಪುಸ್ತಕಗಳನ್ನು ಓದಿ ಓದಿ ಆದಷ್ಟು ನಿಮ್ಮ ಹಾಗೆ ಬರೆಯಲು ಕಲಿತಿದ್ದೇನೆ. ಈ ಕಾಗದ ಹಿಂದಿನ ಕಾಲಕ್ಕೆ ಹೇಗೆ ಬರುತ್ತದೆ ಎಂದು ಮಾತ್ರ ಕೇಳಬೇಡಿ. ತಲುಪಿಸುತ್ತೇವೆ ಎಂದು ಅಂಚೆಯವರು ಹೇಳಿದ್ದಾರೆ, ನಂಬಿದ್ದೇನೆ.

ನಾನು ಬಟ್ಟೆ ಹೊಲಿಯುವವಳು. ಇಲ್ಲಿ ಬೆಳಗಿನ ಒಂಬತ್ತಕ್ಕೆ ಸಂತೆ ಮುಗಿಯುತ್ತದೆ, ಶಾಲೆ ಬಿಡುತ್ತದೆ, ಬೀದಿ ಖಾಲಿಯಾಗುತ್ತದೆ. ಆಮೇಲೆ ಹೊರಗೆ ಹೋಗಬೇಕಾದವರು ತಣಿಟೋಪಿ ಹಾಕಬೇಕು. ನೀರಿನಲ್ಲಿ ಅದ್ದಿದರೆ ಎರಡು ತಾಸು ತಂಪಾಗಿರುವ ಟೋಪಿ ಅದು, ನನ್ನ ಹೊಟ್ಟೆಪಾಡೂ ಅದೇ. ಜೋಳದ ರೊಟ್ಟಿಯನ್ನು ಈಗಲೂ ಬಡಿದೇ ಮಾಡುತ್ತೇವೆ. ಭಾನುವಾರ ಬೆಳಕು ಹರಿಯುತ್ತಲೇ ನಾವು ಹನ್ನೊಂದು ಜನ ಕೆರೆಗೆ ಹೋಗುತ್ತೇವೆ. ಅಂತರಗಂಗೆ ಕಿತ್ತು ದಂಡೆಗೆ ಎಳೆಯುತ್ತೇವೆ, ನಾಯಿಗಳನ್ನು ಓಡಿಸುತ್ತೇವೆ, ಆಮೇಲೆ ಏರಿಯ ಮೇಲೆ ಕುಳಿತು ಹಕ್ಕಿ ಎಣಿಸುತ್ತೇವೆ. ನಿಮ್ಮದೇ ಬಳಗ ಇದು, ಹೆಸರನ್ನೂ ಬದಲಿಸಿಲ್ಲ.

ಎಣಿಸುತ್ತೇವೆ ಎಂದೆನಲ್ಲ, ನಿಮ್ಮ ಪಟ್ಟೆತಲೆ ಹೆಬ್ಬಾತುಗಳು ಈ ಕೆರೆಗೆ ಬಾರದೆ ಮೂರು ಚಳಿಗಾಲವಾಯಿತು. ನಮ್ಮಲ್ಲಿ ನೀರುಪಂಚಾಯ್ತಿ ಎಂಬುದಿದೆ, ಒಂದೊಂದು ಹನಿಯೂ ಅದರ ಅಧೀನ. ಮೂರು ಚಳಿಗಾಲ ವಲಸೆ ಹಕ್ಕಿ ಬಾರದ ಕೆರೆಯನ್ನು ಅವರು ‘ಬರಿಕೆರೆ’ ಎಂದು ಬರೆದು ಬಿಸಿಲುಹಾಸು ಹೊದಿಸುತ್ತಾರೆ. ದಂಡೆಯಿಂದ ದಂಡೆಗೆ ಮುಚ್ಚುವ ಕಪ್ಪು ಹಾಳೆ ಅದು. ನೀರು ಆರುವುದಿಲ್ಲ, ಮೇಲೆ ಕರೆಂಟೂ ಸಿಗುತ್ತದೆ. ಅವರೇನು ಕೆಟ್ಟವರಲ್ಲ. ಆದರೆ ಒಮ್ಮೆ ಹೊದಿಸಿದ ಮೇಲೆ ಬಾತು ಬಂದರೂ ಇಳಿಯುವುದೆಲ್ಲಿ? ಹಿಂದೊಮ್ಮೆ ಇದೇ ಕೆರೆಯನ್ನು ಮೂರು ಚಳಿಗಾಲ ಬಿಟ್ಟು ಬಾತುಗಳು ಮರಳಿ ಬಂದಿದ್ದವು ಎಂದು ತೋರಿಸಿದರೆ ಇನ್ನೊಂದು ವರ್ಷ ಕಾಯುತ್ತೇವೆ ಎಂದಿದ್ದಾರೆ. ಮುಂದಿನ ಸೋಮವಾರ ವಿಚಾರಣೆ. ನಿಮ್ಮ ಕಾಲದ ಯಂತ್ರಗಳಲ್ಲಿದ್ದ ಚಿತ್ರ, ಲೆಕ್ಕ ಎಲ್ಲ ಅಳಿಸಿಹೋಗಿವೆ. ಉಳಿದದ್ದು ಕಾಗದ.

ಹೀಗಾಗಿ ನಿಮ್ಮ ಬಳಗದ ದಿನಚರಿ ಪುಸ್ತಕ ಹಿಡಿದು ಪಂಚಾಯ್ತಿಗೆ ಹೋದೆ. ಗಾಳಿಪಟದ ದಾರಕ್ಕೆ ಸಿಕ್ಕ ಬೆಳ್ಳಕ್ಕಿಯನ್ನು ನೀವು ಬಿಡಿಸಿದ್ದು ಅದರಲ್ಲಿದೆ. ಕಡಲೆ ಹೊಲಕ್ಕೆ ಬಲೆ ಹಾಕಿದ ರೈತರ ಮನೆಗೆ ನಾಲ್ಕು ಸಲ ಹೋಗಿ ಬೈಸಿಕೊಂಡು, ಐದನೆಯ ಸಲ ಚಹಾ ಕುಡಿದು ಬಂದದ್ದಿದೆ. ಹದಿನಾಲ್ಕು ಚೀಲ ಪ್ಲಾಸ್ಟಿಕ್ ಹೆಕ್ಕಿದ್ದಿದೆ. ಓದುವಾಗ ಎಷ್ಟು ಹೆಮ್ಮೆಯಾಯಿತೋ ಅಷ್ಟೇ ಸಿಟ್ಟೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ಬಾತು ಕಂಡ ದಿನ ಪುಟ ತುಂಬ ಬರೆದಿದ್ದೀರಿ. ಕಾಣದ ದಿನ ಖಾಲಿ ಬಿಟ್ಟಿದ್ದೀರಿ. ಒಂದು ಭಾನುವಾರವಂತೂ ಏರಿಯ ಮೇಲೆ ಮಿರ್ಚಿ ಮಂಡಕ್ಕಿ ತಿಂದದ್ದನ್ನು ಬರೆದಿದ್ದೀರಿ, ಬಾತು ಇರಲಿಲ್ಲ ಎಂದು ಬರೆಯಲು ಮನಸ್ಸು ಬಂದಿಲ್ಲ. ಪ್ರೀತಿಯಿಂದಲೇ ಹೀಗೆ ಮಾಡಿದ್ದೀರಿ, ಗೊತ್ತು. ಆದರೆ ಪಂಚಾಯ್ತಿಯ ಅಧ್ಯಕ್ಷ ಫಕ್ಕೀರಗೌಡರು ಹಾಳೆ ತಿರುವಿ ಹಾಕಿ ಕೇಳಿದರು: “ಖಾಲಿ ಹಾಳಿ ಅಂದ್ರ ಏನ ತಿಳ್ಕೋಬೇಕವಾ? ಹಕ್ಕಿ ಬಂದಿರಲಿಲ್ಲೋ, ನಿಮ್ಮ ಮಂದಿನ ಹೋಗಿರಲಿಲ್ಲೋ?” ಪುಸ್ತಕ ಎತ್ತಿಕೊಂಡು ಹೊರಟೆ.

ಮನೆಗೆ ಬಂದು ಹೊಲಿಗೆ ಯಂತ್ರದ ಖಾನೆ ಎಳೆದೆ. ಈ ಯಂತ್ರ ನಿಮ್ಮ ಬಳಗದ ದಾವಲಸಾಬ ನದಾಫರದು. ನಿಮಗೆ ಅವರು ಬಸ್ ಸ್ಟ್ಯಾಂಡಿನ ಪಕ್ಕದ ಟೇಲರ್. ನನಗೆ ಮುತ್ತಜ್ಜನ ಅಜ್ಜ. ಖಾನೆಯ ತಳದಲ್ಲಿ ಅವರ ಅಳತೆ ಪುಸ್ತಕವಿತ್ತು. ಎದೆ ಮೂವತ್ತಾರು, ತೋಳು ಒಂಬತ್ತು, ಅದರ ಕೆಳಗೇ: “ರವಿವಾರ. ಕೆರಿಗೆ ಹೋಗಿದ್ದೆ. ಬಾತು ೦.” ಮತ್ತೊಂದು ಅಂಗಿಯ ಅಳತೆ, ಮತ್ತೆ “ಬಾತು ೦.” ಒಂದು ಭಾನುವಾರವೂ ತಪ್ಪದೆ, ನಿಮ್ಮ ಕಳೆದ ಎರಡು ಚಳಿಗಾಲ ಪೂರ್ತಿ. ನಾನು ನೆಲದ ಮೇಲೆ ಕುಳಿತು ಅತ್ತೆ. ನಂತರದ ಪುಟದಲ್ಲಿ ಇಷ್ಟೇ ಇತ್ತು: “ಎಲ್ಲಾರೂ ನಗತಾರ. ಇಲ್ಲದ್ದು ಎಷ್ಟ ದಿನಾ ಅಂತ ಬರೀಲಿ? ಇನ್ನ ಮುಂದ ಹೋಗಂಗಿಲ್ಲ.” ಅದರ ಕೆಳಗೆ ಹಾಳೆ ಬಿಳಿ.

ಆ ಬಿಳಿ ಹಾಳೆಯ ಮೂರನೆಯ ಚಳಿಗಾಲ ನಿಮಗೆ ಇನ್ನು ಬರುವುದಿದೆ. ನಕ್ಕವರು ನೀವೇ ಇರಬೇಕು, ಬೇರೆ ಯಾರಿಗೆ ಗೊತ್ತಿತ್ತು? ಇರಲಿ, ನಿಮ್ಮನ್ನು ಜರೆಯಲು ಈ ಕಾಗದ ಬರೆಯುತ್ತಿಲ್ಲ. ನವೆಂಬರಿನ ಮೊದಲ ಭಾನುವಾರ ಅವರ ಅಂಗಡಿಗೆ ಹೋಗಿ, ಕೆರೆಗೆ ಕರೆದುಕೊಂಡು ಹೋಗಿ. ಒಲ್ಲೆ ಎಂದರೆ ನನ್ನ ಹೆಸರು ಹೇಳಿ. ಅವರ ಯಂತ್ರ ಈಗಲೂ ಓಡುತ್ತಿದೆ, ಪೆಡಲಿನ ಬೆಲ್ಟು ಮಾತ್ರ ಬದಲಾಗಿದೆ ಎಂದು ಹೇಳಿ. ಆಗಲೂ ಒಪ್ಪದಿದ್ದರೆ ನಿಮ್ಮಲ್ಲೇ ಒಬ್ಬರು ವಾರ ತಪ್ಪದೆ ಹೋಗಿ, ಅವರ ಪುಸ್ತಕದಲ್ಲೇ ಬರೆಯಿರಿ. ಸೊನ್ನೆಯನ್ನೇ ಬರೆಯಿರಿ ಎನ್ನುತ್ತಿಲ್ಲ. ಕಂಡದ್ದನ್ನು ಬರೆಯಿರಿ. ಆ ವರ್ಷ ಬಾತು ಬಂದರೆ ಬಂದವೆಂದೇ ಬರೆಯಿರಿ. ನನ್ನ ವಾದ ಬಿದ್ದುಹೋಗುತ್ತದೆ, ಬೀಳಲಿ. ಸುಳ್ಳು ಪುಟ ಹಿಡಿದು ಈ ಕೆರೆ ಕೇಳಲು ನಾನು ಹೋಗುವುದಿಲ್ಲ.

ನಿಮಗೆ ಒಂದು ಮಾತು ಕೊಡಬಲ್ಲೆ, ಅದು ನಿಮ್ಮ ಪುಸ್ತಕದಲ್ಲೇ ಇದೆ. ನಾಲ್ಕನೆಯ ಚಳಿಗಾಲದ ಡಿಸೆಂಬರಿನಲ್ಲಿ ನೂರ ಹನ್ನೆರಡು ಬಾತು ಬಂದಿವೆ. ಎರಡು ಸಲ ಅಡಿಗೆರೆ ಎಳೆದಿದ್ದೀರಿ. ಅವುಗಳಿಗಾಗಿ ಕಾಯುವುದು ಕಷ್ಟವಲ್ಲ. ಬರಿದಾದ ನೀರಿನ ಎದುರು ಕುಳಿತು ಬರೆಯುವುದು ಕಷ್ಟ. ಆ ಕೆಲಸವನ್ನೇ ನಿಮ್ಮಿಂದ ಬೇಡುತ್ತಿದ್ದೇನೆ.

ನೀವು ಬರೆದರೂ ಬರೆಯದಿದ್ದರೂ, ಸೋಮವಾರ ನಾನು ಪಂಚಾಯ್ತಿಯ ಮುಂದೆ ನಿಲ್ಲುವುದು ಖಂಡಿತ. ಎರಡೇ ಚಳಿಗಾಲದ ಸೊನ್ನೆ ಹಿಡಿದಾದರೂ ನಿಲ್ಲುತ್ತೇನೆ. ಈ ಭಾನುವಾರವೂ ಕೆರೆಗೆ ಹೋಗಿದ್ದೆ. ಹಕ್ಕಿ ಬರುವ ಕಾಲವಲ್ಲದಿದ್ದರೂ ಸೊನ್ನೆ ಬರೆದು, ಕೆಳಗೆ ಹೆಸರು ಹಾಕಿ ಬಂದೆ.

ದಾವಲಸಾಬರ ಪುಸ್ತಕ ಯಂತ್ರದ ಮೇಲೆ ತೆರೆದಿದೆ. ಪುಟ ಮಗುಚದಂತೆ ಅವರ ಕತ್ತರಿಯನ್ನೇ ಇಟ್ಟಿದ್ದೇನೆ. ಈ ಸಾಲು ಬರೆಯುವಾಗ ಮತ್ತೊಮ್ಮೆ ನೋಡಿದೆ, ಇನ್ನೂ ಖಾಲಿಯಿದೆ. ಸೋಮವಾರದವರೆಗೆ ಮುಚ್ಚುವುದಿಲ್ಲ.

ನಿಮ್ಮ ಬಳಗದವಳು,
ಹುಸೇನಬಿ