ಆಡಿಯಲ್ಲೇ ಹೋಗೋಣ ಅಂದಿದ್ದೆ ನೀನು

ಅತ್ತಿಗೆ,

ನಿನಗೆ ಕನ್ನಡ ಓದಲು ಬರುತ್ತಿರಲಿಲ್ಲ. ಗೊತ್ತಿದ್ದೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿನಗೆಂದು ತಮಿಳಿನಲ್ಲಿ ನಾನು ಬರೆದದ್ದು ಒಂದೇ ಒಂದು ಹಾಳೆ. ಆ ಹಾಳೆ ಏನು ಮಾಡಿತೆಂದು ತಿಳಿದ ಮೇಲೆ ಇನ್ನೊಂದು ಬರೆಯಲು ಕೈ ಏಳುತ್ತಿಲ್ಲ. ಮೊದಲೆಲ್ಲ ಫೋನಿನಲ್ಲಿ ನಿನಗೆ ಕವಿತೆ ಓದಿ ಹೇಳುತ್ತಿದ್ದೆನಲ್ಲ, ನೀನು ಅಕ್ಕಿ ಆರಿಸುತ್ತ ಕೇಳಿ, "ಮಳೆ ಬಂತು ಅನ್ನಾಕೆ ಇಷ್ಟು ಸುತ್ತಬೇಕಾ ಸರಸೂ?" ಅನ್ನುತ್ತಿದ್ದೆ. ಇದನ್ನೂ ಹಾಗೆಯೇ ಓದಿ ಹೇಳುತ್ತೇನೆ ಅಂದುಕೋ. ಸುತ್ತದೆ ಹೇಳಲು ನೋಡುತ್ತೇನೆ.

ಹೋದ ವರ್ಷ ಜೂನ್ ತಿಂಗಳಲ್ಲಿ ಮೆಟ್ಟೂರಿನ ಬಸ್ಸಿಳಿದು ನೇರ ನಾನು ಕೆಲಸ ಮಾಡುವ ಕಾಲೇಜು ಲೈಬ್ರರಿಗೇ ಬಂದೆ ನೀನು. ಕಾಲೇಜಿಗೆ ರಜೆ, ಓದುವ ಕೋಣೆಯಲ್ಲಿ ನಾವಿಬ್ಬರೇ. ಚಪ್ಪಲಿ ಕಳಚುವ ಮೊದಲೇ ಶುರು ಮಾಡಿದೆ. ಬಸ್ಸಿನ ಮುಂದೆ ಹೋಗುತ್ತಿದ್ದ ಇನ್ನೊಂದು ಬಸ್ಸಿನ ಬೆನ್ನ ಮೇಲೆ ಧರ್ಮಪುರಿ ಹೈವೇಯ ಹೊಸ ಆಟದ ಪಾರ್ಕಿನ ಚಿತ್ರ ಇತ್ತಂತೆ, ಓಮಲೂರಿನವರೆಗೂ ಅದನ್ನೇ ನೋಡಿಕೊಂಡು ಬಂದೆಯಂತೆ.

"ಗಂಡಂದ್ರು ಬ್ಯಾಡ, ಮಕ್ಳು ಬ್ಯಾಡ, ನಿಮ್ಮತ್ತೆಯಂತೂ ಬ್ಯಾಡವೇ ಬ್ಯಾಡ. ನಾವಿಬ್ರೇ. ಎರಡು ದಿನ. ಸೀಟಿನಾಗೆ ಕೂರ್ಸಿ ಎತ್ತಿ ಬೀಳ್ಸೋ ಆ ಟವರ್ ಐತಲ್ಲ, ಅದರ ಮೇಲಿಂದ ಬೀಳ್ಬೇಕು ಕಣೇ ನಾನು."

"ಬಿದ್ದು?"

"ಬಿದ್ದು ಕಿರುಚ್ಬೇಕು. ಐವತ್ತೆರಡು ವರ್ಸ ಆಯ್ತು, ಒಂದ್ಸಲ ಬಾಯಿಬಿಟ್ಟು ಕಿರುಚಿಲ್ಲ. ಎರಿಗೇಲೂ ನಮ್ಮವ್ವ ಬಾಯಿಗೆ ಸೆರಗು ತುರುಕಿದ್ಲು. ಪವರ್ ಹೌಸ್ ಕೋಟ್ರಸ್‌ನಾಗೆ ಕಿರುಚಿದ್ರೆ ಪಕ್ಕದ ಮನೆಯೋರು 'ಎನ್ನಾಚ್ಚು ಅಕ್ಕಾ', ಏನಾಯ್ತು ಅಂತ ಓಡಿ ಬತ್ತಾರೆ. ಅಲ್ಲಾದ್ರೆ ಎಲ್ರೂ ಕಿರುಚ್ತಿರ್ತಾರೆ. ಯಾರು ಕೇಳ್ತಾರೆ?"

ನಾನು ನಕ್ಕೆ. ನೀನು ನಗುತ್ತಲೇ ಇನ್ನೊಂದು ಮಾತು ಕೇಳಿದೆ. "ಆಪರೇಸನ್ ಆದೋರ್ನ ಅದರ ಮ್ಯಾಲೆ ಬಿಡಲ್ಲಂತಲ್ಲ, ಎಷ್ಟು ತಿಂಗ್ಳು ಬಿಡಲ್ಲಂತೆ?" ಇದು ನನ್ನನ್ನು ಕೆಣಕುವುದಕ್ಕೆ ಅಂದುಕೊಂಡೆ. "ನನ್ನ ಪಿತ್ತಕೋಶ ತೆಗೆದು ನಾಲ್ಕು ವರ್ಷ ಆಯ್ತಮ್ಮಾ, ನಾನು ಹತ್ಬಹುದು," ಅಂದೆ. "ಸರಿ ಬಿಡು, ಪರವಾಯಿಲ್ಲ," ಎಂದು ನೀನು ನೀರು ಕುಡಿದೆ. ನಿನ್ನ ಕೈಚೀಲದಲ್ಲಿ ಆಗಲೇ ಡಾಕ್ಟರ ಆ ಚೀಟಿ ಇತ್ತು. ಇತ್ತಲ್ಲವಾ?

ಆ ಹಾಳೆಯನ್ನು ಅವತ್ತೇ ನಿನ್ನೆದುರು ಕೂತು ಬರೆದೆ. ನಿನಗೆ ಓದಲು ಆಗಲಿ ಎಂದು ತಮಿಳಿನಲ್ಲಿ. ಪಾರ್ಕಿನವರು ವರ್ಷಪೂರ್ತಿ ಏನಾದರೊಂದು ಇಟ್ಟಿದ್ದರು. ತಮಿಳು ಆಡಿ ತಿಂಗಳಲ್ಲಿ, ಜುಲೈ ನಡುವಿನಿಂದ, ಮಳೆಹಬ್ಬ, ಆಯುಧಪೂಜೆಗೆ ದೀಪಗಳ ಮೆರವಣಿಗೆ, ಕ್ರಿಸ್‌ಮಸ್ ವಾರದಲ್ಲಿ ಯಂತ್ರದಿಂದ ಬೀಳಿಸುವ ಹಿಮ. ಪ್ರತಿಯೊಂದರ ಎದುರು ದಿನಾಂಕ, ಜನಸಂದಣಿ, ರೂಮು ಸಿಗುತ್ತದೋ ಇಲ್ಲವೋ, ಎಲ್ಲ ಗೆರೆ ಎಳೆದು ಬರೆದೆ. ಪುಸ್ತಕಗಳಿಗೆ ಜಾಗ ಗೊತ್ತುಮಾಡಿ ಅಭ್ಯಾಸವಾದವಳಿಗೆ ಸುಖಕ್ಕೂ ಒಂದು ಜಾಗ ಗೊತ್ತುಮಾಡಬಹುದು ಅನ್ನಿಸಿತ್ತು. ನೀನು ಮೊದಲ ಸಾಲಿನ ಮೇಲೆ ಬೆರಳಿಟ್ಟೆ. "ಆಡಿಯಾಗೇ ಓಗಣ. ಎಲ್ಲಾಕಿಂತ ಮುಂಚೆ ಬರದು ಇದೇ."

ಆಡಿ ಹತ್ತಿರವಾದಾಗ ನಮ್ಮತ್ತೆ ಅಡ್ಡ ನಿಂತರು. "ಆಷಾಢದಾಗೆ ಸೊಸೇರು ಊರಾಡಾಕೆ ಓಗ್ತಾರಾ?" ಅಂತ. ಸರಿ, ಅಮಾವಾಸ್ಯೆ ಕಳೆದು ನಮ್ಮ ಆಷಾಢ ಮುಗಿಯಿತು. ಆದರೆ ತಮಿಳರ ಆಡಿ ಇನ್ನೂ ಅರ್ಧ ಬಾಕಿ, ಅತ್ತೆಯ ಲೆಕ್ಕದಲ್ಲಿ ಅದೂ ಆಗದ ತಿಂಗಳೇ. ಫೋನಿನಲ್ಲಿ ಹೇಳಿದರೆ ನೀನು ಕೆಮ್ಮು ಬರುವಷ್ಟು ನಕ್ಕೆ. "ಕನ್ನಡದ ತಿಂಗ್ಳೂ ನಮ್ದೇ, ತಮಿಳ್ ತಿಂಗ್ಳೂ ನಮ್ದೇ. ಒಳ್ಳೇ ದಿನ ಮಾತ್ರ ಯಾರ ಮನೇಲೈತೋ ಕಾಣೆ!" ಎಂಎ ಓದಿದವಳು ನಾನು, ಆಷಾಢವನ್ನು ನಂಬುವವಳಲ್ಲ. ಅತ್ತೆಗೆ ಎದುರಾಡಬಹುದಿತ್ತು. ಆಡಲಿಲ್ಲ ಏಕೆಂದರೆ ನನ್ನ ಮನಸ್ಸಾಗಲೇ ಮೂರನೆಯ ಸಾಲಿಗೆ ಹೋಗಿತ್ತು. ನನಗೆ ಹಿಮ ಬೇಕಿತ್ತು, ಅತ್ತಿಗೆ. ನಿನ್ನನ್ನು ಹಿಮದ ಕೆಳಗೆ ನಿಲ್ಲಿಸಿ ನೋಡಬೇಕಿತ್ತು. ಕೆಂಪು ಪೆನ್ನಿನಿಂದ ಆಡಿಯನ್ನು ಹೊಡೆದುಹಾಕಲು ಹೇಳಿದೆ, ನೀನೂ ಹೊಡೆದೆ.

ಆಯುಧಪೂಜೆಯ ವಾರ ಬಂದಾಗ ಮತ್ತೆ ಹಾಳೆ ತೆಗೆದೆವು. ಶಾಲೆಗಳಿಗೆ ರಜೆ, ಒಂದೊಂದು ಆಟಕ್ಕೂ ಎರಡೆರಡು ಗಂಟೆ ಸಾಲು ಎಂದು ಯಾರೋ ಬರೆದದ್ದನ್ನು ಓದಿ ಹೇಳಿದೆ. "ದೊಡ್ಡೋರ ಟ್ರಿಪ್ಪು ಅಂದ್ರೆ ನೆಮ್ಮದಿಯಾಗಿರಬೇಕು. ಡಿಸೆಂಬರ್‌ಗೇ ಹೋಗೋಣ, ಹಿಮ ನೋಡ್ಬಹುದು."

"ಹಿಮ ಕಟ್ಕೊಂಡು ನಾನೇನ್ ಮಾಡ್ಲಿ? ಪ್ರಿಡ್ಜ್ ಬಾಗ್ಲು ತೆಗೆದ್ರೆ ಐತೆ." ಆಮೇಲೆ ನೀನು ಮೆಲ್ಲಗೆ ತಿಂಗಳು ಎಣಿಸಿದೆ. "ಡಿಸಂಬರಾ..."

"ಯಾಕೆ?"

"ಏನಿಲ್ಲ ಕಣೇ. ದೂರ ಆಯ್ತು ಅಂತ."

ಆಗ ಒಂದೇ ಒಂದು ಪ್ರಶ್ನೆ ನಾನು ಹೆಚ್ಚಿಗೆ ಕೇಳಿದ್ದರೆ? ಕವಿತೆಯಲ್ಲಿ ಒಂದು ಸಾಲು ಅರ್ಧಕ್ಕೆ ನಿಂತರೆ ಅಲ್ಲಿ ಏನಿದೆಯೆಂದು ಮೂರು ದಿನ ಯೋಚಿಸುವವಳು ನಾನು. ನಿನ್ನ ಆ ಅರ್ಧ ಸಾಲನ್ನು...

ಚೂಡಿದಾರ ಹಾಕಿ ತೋರಿಸಿದ ದಿನ ನೆನಪಿದೆಯಾ? ಸೀರೆಯಲ್ಲಿ ಟವರ್ ಹತ್ತಲು ಬಿಡುವುದಿಲ್ಲವೆಂದು, ಮೆಟ್ಟೂರಿನಲ್ಲಿ ಯಾರಿಗೂ ತಿಳಿಯಬಾರದೆಂದು, ಕಡಯಂಪಟ್ಟಿಯ ನಿನ್ನ ಚಿಕ್ಕಮ್ಮನ ಊರಿಗೆ ಹೋಗಿ ಹೊಲಿಸಿಕೊಂಡು ಬಂದಿದ್ದೆ. ನವಿಲುಗರಿಯ ಬಣ್ಣ. ನೀನು ಜೀವಮಾನದಲ್ಲಿ ತೊಟ್ಟ ಮೊದಲ ಚೂಡಿದಾರ. ನನ್ನ ಮನೆಯ ಕನ್ನಡಿಯೆದುರು ನಿಂತಾಗ ಅದು ನಿನ್ನ ಭುಜದಿಂದ ಜಾರುತ್ತಿತ್ತು. "ಆ ಟೈಲರ್‌ಗೆ ಅಳತೆ ಬರಲ್ಲ," ಅಂದೆ ನೀನು. ಅಳತೆ ಕೊಟ್ಟಿದ್ದು ಜುಲೈನಲ್ಲಿ, ನಾವು ಕನ್ನಡಿಯೆದುರು ನಿಂತದ್ದು ಅಕ್ಟೋಬರ್ ಕೊನೆಯಲ್ಲಿ. ನಾನು ಏನು ಹೇಳಿದೆ ಗೊತ್ತಾ? "ಇಳಿದಿದ್ದೀಯ ಅತ್ತಿಗೆ, ಚೆನ್ನಾಗಿ ಕಾಣ್ತೀಯ," ಅಂದೆ.

ನವೆಂಬರ್ ಮುಗಿಯುವಾಗ ನಿನ್ನ ಕಣ್ಣು ಹಳದಿಯಾಯಿತು. ಸೇಲಂನ ಆಸ್ಪತ್ರೆಯ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಎದೆಯ ಗಂಟು, ಲಿವರ್‌ವರೆಗೆ ಹೋಗಿದೆ ಎಂದರು. "ಆರು ತಿಂಗಳ ಮುಂಚೆ ಬಂದಿದ್ದರೆ..." ಎಂದು ನಿಲ್ಲಿಸಿದರು. ಅವರಿಗೆ ಆ ಮಾತು ದಿನಕ್ಕೆ ಎಷ್ಟು ಸಲವೋ. ಹಿಮ ಬೀಳಬೇಕಿದ್ದ ವಾರ ನೀನು ಕೊಳವೆಗಳ ನಡುವೆ ಮಲಗಿದ್ದೆ. ಟಿಕೆಟ್ ಕಾದಿರಿಸಿದ್ದ ನನ್ನ ಫೋನಿಗೆ ಪಾರ್ಕಿನಿಂದ ಸಂದೇಶ ಬಂತು, ನಾಳೆ ನಿಮ್ಮ ದಾರಿ ಕಾಯುತ್ತಿರುತ್ತೇವೆ ಎಂದು. ನಿನಗೆ ತೋರಿಸಲಿಲ್ಲ. ಮಾರನೆಯ ದಿನ ನೀನೇ ಕೇಳಿದೆ, "ಇವತ್ತಲ್ವಾ?" ನಾನು ಇಲ್ಲ, ಇನ್ನೂ ಇದೆ ಎಂದೆ. ಪೊಂಗಲ್‌ಗೆ ನಾಲ್ಕು ದಿನ ಮುಂಚೆ ನೀನು ಹೋಗಿಬಿಟ್ಟೆ. ಒಂದು ಸದ್ದೂ ಮಾಡದೆ.

ಕಾರ್ಯವೆಲ್ಲ ಮುಗಿದ ಮಾರನೆಯ ದಿನ ಪಾಲಮಲೆಯಿಂದ ಬಂದಿದ್ದ ನಿನ್ನ ತಂಗಿ ಮಾದಮ್ಮ ಬೀರುವಿನ ಕೆಳಗಿಂದ ಒಂದು ಬ್ಯಾಗು ಎಳೆದಳು. ಟ್ರಿಪ್ಪಿಗೆ ಕಟ್ಟಿಟ್ಟ ಬ್ಯಾಗು. ಚೂಡಿದಾರ, ಹೊಸ ಟವೆಲ್ಲು, ಚೂಡಿದಾರದ ಮಡಿಕೆಯಲ್ಲಿ ಎರಡು ಕಾಗದ. ಒಂದು ಮೆಟ್ಟೂರಿನ ಯಾವುದೋ ಡಾಕ್ಟರು ಜೂನ್‌ನಲ್ಲಿ ಬರೆದ ಚೀಟಿ, ಕೂಡಲೇ ಸೇಲಂನಲ್ಲಿ ಸ್ಕ್ಯಾನ್ ಮಾಡಿಸಿ ಎಂದು. ಇನ್ನೊಂದು ನನ್ನ ಹಾಳೆ. ಮೂರು ದಿನಾಂಕ, ಎರಡಕ್ಕೆ ಕೆಂಪು ಗೆರೆ. ಪ್ರತಿ ದಿನಾಂಕದ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ನಿನ್ನ ದುಂಡು ತಮಿಳು ಅಕ್ಷರ: 'ಸೋಮವಾರ ಸ್ಕ್ಯಾನ್'. ಟ್ರಿಪ್ ಮುಗಿದ ಮೇಲಿನ ಸೋಮವಾರ. ನಾನು ದಿನ ಮುಂದೂಡಿದಾಗಲೆಲ್ಲ ನೀನು ಸೋಮವಾರವನ್ನೂ ಮುಂದೂಡಿದ್ದೆ.

ಅಣ್ಣ ಅದನ್ನು ಗಟ್ಟಿಯಾಗಿ ಓದಿದ. ಮಾದಮ್ಮ ಸೆರಗು ಬಿಗಿಯಾಗಿ ಹೊದ್ದುಕೊಂಡು ಎದ್ದು ಒಳಗೆ ಹೋದಳು, ಅಳುವುದಕ್ಕೆ ಅಂದುಕೊಂಡೆ. ಅಣ್ಣ ನನ್ನ ಮುಖವನ್ನೇ ನೋಡಿದ. "ನೀನು ದಿನ ತಳ್ತಾ ಓದೆ. ಅವ್ಳು ಕಾಯ್ತಾ ಓದ್ಲು." ಅಷ್ಟೇ. ಆಮೇಲೆ ಆರು ತಿಂಗಳು ನನ್ನೊಡನೆ ಮಾತಿಲ್ಲ. ನಾನು ಫೋನ್ ಮಾಡಿದರೆ ಎತ್ತಿ, ಒಂದು ಉಸಿರು ಬಿಟ್ಟು, ಇಡುತ್ತಿದ್ದ. ಅವನು ಹೇಳಿದ್ದು ಸರಿಯೇ ಎಂದು ಒಪ್ಪಿಕೊಂಡಿದ್ದೆ. ಏಕೆ ಮೊದಲು ಟ್ರಿಪ್, ಆಮೇಲೆ ಸ್ಕ್ಯಾನ್? ಅದೊಂದು ಮಾತ್ರ ಅರ್ಥವಾಗಿರಲಿಲ್ಲ.

ಮೊನ್ನೆ ಬೆಳಿಗ್ಗೆ ಅಣ್ಣನೇ ಫೋನ್ ಮಾಡಿದ. "ಅಲ್ಲಿಗೆ ಓಗಣ. ಆಡಿ ಐತಲ್ಲ ಈಗ." ಅತ್ತೆ ಏನೋ ಗೊಣಗಿದರು, ನಿಲ್ಲಲಿಲ್ಲ ನಾನು. ಪವರ್ ಹೌಸಿನ ಡ್ಯೂಟಿಗೆ ಹಾಕುವ ಖಾಕಿ ಪ್ಯಾಂಟಿನಲ್ಲೇ ಬಂದಿದ್ದ. ಬಸ್ಸಿನಲ್ಲಿ ನಾನು ಕಿಟಕಿ ಕಡೆ, ಅವನು ಈ ಕಡೆ, ಹಾಗೇ ತೊಪ್ಪೂರು ಘಾಟಿ ಹತ್ತಿದೆವು. ಪಾರ್ಕಿನಲ್ಲಿ ಪೈಪುಗಳಿಂದ ಮಳೆ ಸುರಿಯುತ್ತಿತ್ತು, ಹುಡುಗಿಯರು ನೆನೆಯುತ್ತ ಕುಣಿಯುತ್ತಿದ್ದರು. ನಾವಿಬ್ಬರು ಅದರ ಅಂಚಿನಲ್ಲಿ, ಶವಸಂಸ್ಕಾರಕ್ಕೆ ಬಂದವರಂತೆ, ನಡೆದುಹೋದೆವು.

ಟವರಿನ ಬುಡದಲ್ಲಿ ಒಂದು ಬೋರ್ಡು. ಹೃದ್ರೋಗದವರು, ಗರ್ಭಿಣಿಯರು, ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆದವರು ಹತ್ತುವಂತಿಲ್ಲ. ನಾನು ಮೂರನೆಯ ಸಾಲನ್ನು ಓದಿ ಅಲ್ಲೇ ನಿಂತೆ. ಓದುವ ಕೋಣೆಯಲ್ಲಿ ನೀನು ಕೇಳಿದ ಪ್ರಶ್ನೆ ಎಲ್ಲಿಂದ ಬಂದಿತ್ತೆಂದು ಒಂದು ವರ್ಷ ತಡವಾಗಿ ತಿಳಿಯಿತು. ಒಮ್ಮೆ ಕೊಯ್ದರೆ ಆಮೇಲೆ ಬೀಳಲು ಬಿಡುವುದಿಲ್ಲ ಅಂತ ಅಲ್ಲವಾ ನೀನು...

"ಇದನ್ನ ಪೋನ್‌ನಾಗೆ ನೋಡಿ ಅವ್ಳಿಗೆ ಓದಿ ಏಳಿದ್ದು ನಾನೇ," ಅಂದ ಅಣ್ಣ.

"ಯಾವಾಗ?"

"ಜೂನ್‌ನಾಗೆ. ಚೀಟಿ ಬರೆಸ್ಕೊಂಡು ಬಂದ ದಿನಾನೇ. ನಂಗೆ ಗೊತ್ತಿತ್ತು ಸರಸೂ. ಒಂದ್ಸಲ ಓಗ್ಬಂದು ಬಿಡ್ತೀನಿ ಅಂದ್ಲು, ಸರಿ ಓಗ್ಬಾ ಅಂದೆ. ನಾಕು ವಾರದ ಮಾತು ಅಂದ್ಕೊಂಡೆ. ಆಮ್ಯಾಲೆ ಕೇಳಕ್ಕೆ ಭಯ ಆಯ್ತು."

"ನನ್ನೊಬ್ಬಳ ಮೇಲೆ ಹಾಕಿದ್ಯಲ್ಲ ಅಣ್ಣಾ."

"ಊಂ. ನಿನ್ ಮ್ಯಾಲೆ ಆಕಿದೆ."

ನನಗೆ ಹಗುರಾಗಲಿಲ್ಲ, ಅತ್ತಿಗೆ. ಆಗಬೇಕಿತ್ತೇನೋ. ಹೊರೆ ಇಬ್ಬರಿಗೆ ಹಂಚಿಹೋಗಲಿಲ್ಲ, ಇಬ್ಬರಿಗೂ ಪೂರ್ತಿಯಾಗಿಯೇ ಉಳಿಯಿತು. ಅವನಿಗೆ ಬಿಪಿ, ಹತ್ತುವಂತಿಲ್ಲ. ನಾನು ನಿನ್ನ ಚೂಡಿದಾರದಲ್ಲಿ ಹೋಗಿದ್ದೆ, ನನಗೆ ಅದು ಬಿಗಿ. ನಾನೊಬ್ಬಳೇ ಕೂತೆ, ಸೀಟು ಮೇಲೆ ಮೇಲೆ ಎತ್ತಿಕೊಂಡು ಹೋಯಿತು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಹೈವೇಯ ಲಾರಿಗಳು. ಮೇಲೆ ಒಂದು ಗಳಿಗೆ ನಿಂತು, ಬಿಟ್ಟುಬಿಟ್ಟಿತು. ಪಕ್ಕದ ಹೆಂಗಸು ಕಿರುಚಿದಳು. ನನ್ನ ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಎಷ್ಟು ಹೊತ್ತು ಗೊತ್ತಾ? ಒಂದು, ಎರಡು, ಮೂರು ಅನ್ನುವಷ್ಟು. ನೀನು ಜೂನ್‌ನಿಂದ ಡಿಸೆಂಬರ್‌ವರೆಗೆ ಕಾದದ್ದು ಅಷ್ಟಕ್ಕೆ. ಮೊದಲೇ ಯಾರಾದರೂ ಹೇಳಿದ್ದರೆ ಬಿಟ್ಟುಬಿಡುತ್ತಿದ್ದೆಯಾ? ಇಲ್ಲ, ನೀನು ಬಿಡುವವಳಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅಣ್ಣ ಕಿಟಕಿಯಾಚೆ ನೋಡುತ್ತ ಹೇಳಿದ. "ಮಾದಮ್ಮಂಗೂ ಐತಂತೆ. ಗಂಟು. ಓದ ವಾರ ಏಳಿದ್ಲು. ಆಡಿ ಕಳೀಲಿ ಬಾವ, ಆಮ್ಯಾಲೆ ತೋರಿಸ್ಕೊಂತೀನಿ ಅಂದ್ಲು."

"ನೀನೇನಂದೆ?"

ಅವನು ಏನೂ ಅಂದಿರಲಿಲ್ಲ.

ಇದು ನಿನಗೆ ಗೊತ್ತಿಲ್ಲದ ಸುದ್ದಿ. ಅವತ್ತು ಸೆರಗು ಹೊದ್ದು ಎದ್ದುಹೋದಳಲ್ಲ, ಅದು ಅಳುವುದಕ್ಕಲ್ಲ, ತನ್ನ ಗಂಟನ್ನು ಮುಚ್ಚಿಕೊಳ್ಳುವುದಕ್ಕೆ. ನಿನ್ನೆ ಅವಳಿಗೆ ಫೋನ್ ಮಾಡಿ, ಬರುತ್ತೇನೆ ಎಂದು ಮಾತ್ರ ಹೇಳಿದೆ. "ಏನಕ್ಕಾ ಅವಸರ, ಇನ್ನೂ ಆಡಿ ಐತೆ," ಅಂದಳು, ಥೇಟ್ ನಿನ್ನ ದನಿ. ಇವತ್ತೇ ಹೊರಡುತ್ತೇನೆ, ಕೊಳತ್ತೂರಿನವರೆಗೆ ಬಸ್ಸು, ಅಲ್ಲಿಂದ ಮೇಲಕ್ಕೆ ಪಾಲಮಲೆಗೆ ಜೀಪು. ಬೈದರೆ ಬೈಸಿಕೊಳ್ಳುತ್ತೇನೆ. ಬರುವುದಿಲ್ಲ ಎಂದರೆ ಅವಳ ಅಂಗಳದಲ್ಲಿ ಕೂತು, ನೀನು ಕಿರುಚದೆ ಹೋದದ್ದನ್ನೆಲ್ಲ ಆ ಬೆಟ್ಟಕ್ಕೆ ಕೇಳುವಂತೆ ನಾನು ಕಿರುಚುತ್ತೇನೆ. ಕರೆದುಕೊಂಡೇ ಇಳಿಯುತ್ತೇನೆ, ಅತ್ತಿಗೆ.

ಆಡಿ ಇನ್ನೂ ಮುಗಿದಿಲ್ಲ. ನಾಳೆ ಸೋಮವಾರ.

ನಿನ್ನ ನಾದಿನಿ,
ಸರಸು