ಶುಗರ್ ಗುಳಿಗೆ ಯಾರ ಕೈಗೆ ಹೋಯಿತು

೮ ಮಾರ್ಚ್ ೨೦೦೪, ಮುದ್ದೇಬಿಹಾಳ

ಮತ್ತೆ ಮೆಡಿಕಲ್ ಅಂಗಡಿ ತೆಗೆದೆ. ಸೊಲ್ಲಾಪುರದಲ್ಲಿ ನಾಲ್ಕನೇ ಕೀಮೋ ಆಗಿ ವಾರ. ಕುತ್ತಿಗೆಯ ಗಂಟು ಕರಗಿದೆ, ಲಿಂಫೋಮಾ ಬಗ್ಗುತ್ತಿದೆ ಅಂದರು ಡಾಕ್ಟರು. ಬಗ್ಗಲಿ ಹಾಳಾದ್ದು. ಆದರೆ ತಲೆ? ಕಣ್ಣು ಮುಚ್ಚಿ ಕೈ ಹಾಕುತ್ತಿದ್ದ ಕಪಾಟು. ಇವತ್ತು ಕೆಮ್ಮಿನ ಔಷಧ ಎಲ್ಲಿದೆ ಅಂತ ನಿಂತು ಹುಡುಕಿದೆ. ಡಾಕ್ಟರನ್ನು ಕೇಳಿದ್ದೆ. "ಈ ಕೀಮೋಕ್ಕ ಕೆಲವರಿಗೆ ಹಂಗ ಮರವು ಆಗ್ತೈತಿ. ಮುಂದ ಸರಿಹೋಗ್ತದ, ಹೆದರಬ್ಯಾಡ್ರಿ." ಹೇಳುವುದು ಬಲು ಸಸಾರ.

ಹೆಂಡತಿ ಫಿರದೋಸಳಿಗೆ ಹೇಳಿಲ್ಲ. ಮನೆಯಲ್ಲಿ ಕೂರಿಸಿಬಿಡುತ್ತಾಳೆ.

೧೧ ಮಾರ್ಚ್, ಮಧ್ಯಾಹ್ನ

ಯಾ ಅಲ್ಲಾ. ಗ್ಯಾಸಿನ ಗುಳಿಗೆಯ ಡಬ್ಬಿಯಲ್ಲಿ ಅರ್ಧ ಕತ್ತರಿಸಿದ ಶುಗರ್ ಗುಳಿಗೆಯ ಪಟ್ಟಿ! ನಾನೇ ಕತ್ತರಿಸಿದ್ದು. ಅಂದರೆ, ಗ್ಯಾಸ್ ಅಂತ ಬಂದವರಿಗೆ ಶುಗರ್ ಗುಳಿಗೆ ಕೊಟ್ಟಿದ್ದೇನೆ. ಶುಗರ್ ಇಲ್ಲದವರು ನುಂಗಿದರೆ ರಕ್ತದ ಸಕ್ಕರೆ ಸರ್ರನೆ ಇಳಿಯುತ್ತದೆ. ವಯಸ್ಸಾದವರಾದರೆ ಜೀವವೇ ಹೋದೀತು.

ಯಾರಿಗೆ ಕೊಟ್ಟೆ?

ಪುಡಿಕೆಯ ಮೇಲೆ ಸೂರ್ಯನನ್ನು ಬರೆದದ್ದು ನೆನಪಿದೆ. ಓದಲು ಬಾರದವರಿಗೆ ಹಾಗೆ ಬರೆದು ಕೊಡುತ್ತೇನೆ — ಬೆಳಿಗ್ಗೆಯದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಪುಡಿಕೆ ಇಸಿದುಕೊಂಡ ಕೈಯಲ್ಲಿ ಹಸಿರು ಬಳೆ. ಮುಖ... ಮುಖ ಬರುತ್ತಲೇ ಇಲ್ಲ.

ಅದೇ ದಿನ, ಸಂಜೆ

ಹಸಿರು ಬಳೆಯವಳು ಯಾರಾದರೂ ಬಂದಿದ್ದಳಾ ಅಂತ ಎದುರಿನ ಚಹಾದಂಗಡಿಯ ಮುರ್ತುಜಾಸಾಬನನ್ನು ಕೇಳಿದೆ. "ನಿನ್ನೆ ತಂಗಡಗಿ ಶೆಟ್ಟೆವ್ವ ಬಂದಿದ್ಲಲ್ಲೋ! ಅರ್ಧಾ ತಾಸು ಮಾತಾಡಿದಿ ಅಕಿ ಕೂಡ. ನಿನಗೇನಾಗೇತಿ ಮಾರಾಯಾ?"

ಅರ್ಧ ತಾಸು. ಒಂದು ಮಾತೂ ನೆನಪಿಲ್ಲ. ತಂಗಡಗಿ ಬಸ್ಸಿಗೆ ಹೊರಟೆ.

೧೨ ಮಾರ್ಚ್

ಶೆಟ್ಟೆವ್ವ ಬದುಕಿದ್ದಾಳೆ. ಒಂದೇ ಗುಳಿಗೆ ನುಂಗಿದ್ದಳು. ಬೆವತು ಬಿದ್ದಳಂತೆ. ಸೊಸೆ ಚನ್ನವ್ವ ಬೆಲ್ಲದ ನೀರು ಕುಡಿಸಿದ್ದಾಳೆ. ನಾನು ಹೋದಾಗ ಕಟ್ಟೆಯ ಮೇಲೆ ಒರಗಿ ಕೂತಿದ್ದಳು. "ನನ್ನ ಸಲುವಾಗಿ ಇಷ್ಟ ದೂರ ಬಂದಿಯೇನೋ ಜುಲ್ಫಿಕರಾ! ನೀನ ಜಡ್ಡಿನ ಮನಶ್ಯಾ."

ಹೇಳಿಬಿಟ್ಟೆ. ತಪ್ಪು ಗುಳಿಗೆ ಕೊಟ್ಟೆ ಅಂತ. ಚನ್ನವ್ವ ಎದ್ದು ನಿಂತಳು. "ನಮ್ಮತ್ತಿ ಸತ್ತಿದ್ರ ಏನ್ ಮಾಡ್ತಿದ್ರಿ ಅಣ್ಣಾರ?" ಜೀಪು ಮಾಡಿ ದವಾಖಾನೆಗೆ ಕರೆತಂದು ಸಲಾಯಿನ್ ಹಾಕಿಸಿದೆ. ಇನ್ನು ಭಯವಿಲ್ಲ ಅಂದರು ಅಲ್ಲಿಯ ಡಾಕ್ಟರು. ಅವರಿಗಿಲ್ಲ. ನನಗಿದೆ.

ಮನೆಗೆ ಬಂದು ಫಿರದೋಸಳ ಮುಂದೆ ಅತ್ತೆ. ಎಲ್ಲ ಹೇಳಿದೆ. ಬೈಯಲಿಲ್ಲ. ಅಂಗಡಿಯ ಕೀಲಿ ಇಸಿದುಕೊಂಡಳು. "ಇನ್ನ ನಾ ಕುಂಡ್ರತೇನ್ರಿ. ನೀವು ಒಳಗ ಮಲ್ಕೋರಿ. ತಿಳೀಲಿಲ್ಲಂದ್ರ ನಿಮ್ಮನ್ನ ಕೇಳ್ತೇನಿ." ಸಿಟ್ಟು ಬಂತು. ನಿರಾಳವೂ ಆಯಿತು.

೧೭ ಮಾರ್ಚ್, ಬೆಳಿಗ್ಗೆ

ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದೇನೆ. ಐದು ದಿನ ಪೆನ್ನು ಮುಟ್ಟಿರಲಿಲ್ಲ. ಇವತ್ತು ಬರೆಯಬೇಕೆನಿಸಿತು. ಈಗಷ್ಟೇ ಬಸವನ ಬಾಗೇವಾಡಿ ಕಡೆಯವನೊಬ್ಬ ಬಂದಿದ್ದ. ಮಗಳಿಗೆ ಜ್ವರ, ಬಸ್ಸು ಹೊರಟು ನಿಂತಿದೆ ಅಂತ ಗಡಿಬಿಡಿ. ಫಿರದೋಸ ಪರದೆಯಾಚೆಯಿಂದ ಕೂಗಿ ಕೇಳಿದಳು, "ಆರ ತಿಂಗಳ ಕೂಸಿಗೆ ಜ್ವರದ ಔಷಧ ಎಷ್ಟ ಹಾಕಬೇಕ್ರಿ?" ಥಟ್ಟನೆ ಹೇಳಿದೆ. ಒಂದು ಕ್ಷಣವೂ ತಡವರಿಸಲಿಲ್ಲ! ಹಳೆಯ ಜುಲ್ಫಿಕರ. ಎಷ್ಟು ದಿನವಾಗಿತ್ತು ಹೀಗೆ ಖುಷಿಯಾಗಿ. ಬಸ್ಸು ಹೋದ ಸದ್ದೂ ಕೇಳಿತು.

ಎಷ್ಟು ಅಂದೆ? ಅರ್ಧ ಚಮಚ ತಾನೇ... ಅರ್ಧವೇ ಅಂದಿರಬೇಕು. ಫಿರದೋಸಳನ್ನು ಕೇಳಿದರಾಯಿತು.

ಕೇಳಿದೆ. "ನೀವ ಹೇಳಿದಂಗ ಬರದು ಕೊಟ್ಟೇನ್ರಿ. ನಾಕ ಚಮಚ, ದಿನಾ ಮೂರು ಸಲ."

ನಾಲ್ಕು? ಆರು ತಿಂಗಳ ಕೂಸಿಗೆ ನಾಲ್ಕು—